ಎದ್ದರು, ಏರಿದರು, ಕುಳಿತರು: ಯೇಸುಸ್ವಾಮಿಯ ಪುನರುತ್ಥಾನದ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಮುಂಬೈ, ಪುಣೆ, ಗೋವಾದ ಕನ್ನಡ ಸಭೆಗಳಲ್ಲಿ ಮಂಗಳೂರಿನವರು, ಧಾರವಾಡ–ಗದಗ ಕಡೆಯವರು, ಇಲ್ಲೇ ಹುಟ್ಟಿ ಕನ್ನಡ ಮಾತಾಡಬಲ್ಲ ಆದರೆ ಓದಲಾರದ ಮಕ್ಕಳು, ಎಲ್ಲರೂ ಒಂದೇ ಬೆಂಚಿನಲ್ಲಿ ಕೂರುತ್ತಾರೆ. ಆರಾಧನೆ ಮುಗಿಸಿ ಚಹಾ ಹಿಡಿದು ನಿಂತಾಗ, ಪತ್ರಗಳಲ್ಲಿ, ಸಾವಿನ ಮನೆಗಳಲ್ಲಿ ಮತ್ತೆ ಮತ್ತೆ ಎದುರಾದ ಪ್ರಶ್ನೆಗಳು ಇವು. ಕೇಳಿದವರ ಮಾತನ್ನು ತಿದ್ದಿಲ್ಲ. ಕ್ಯಾಥೋಲಿಕ್ ಮತ್ತು ಪ್ರೊಟೆಸ್ಟೆಂಟ್ ರೂಢಿ ಬೇರೆಯಾಗುವ ಕಡೆ ಹಾಗೆಂದೇ ಹೇಳಿದ್ದೇವೆ.

## ಮೊದಮೊದಲ ಪ್ರಶ್ನೆಗಳು

ಪುನರುತ್ಥಾನ ಅಂದ್ರೆ ಪುನರ್ಜನ್ಮಾನೇ ಅಲ್ವಾ? ಎರಡರಲ್ಲೂ 'ಪುನಃ' ಇದೆಯಲ್ಲ?

'ಪುನಃ' ಒಂದೇ, ಮುಂದಿನ ಪದ ಬೇರೆ. ಜನ್ಮ ಎಂದರೆ ಹುಟ್ಟು, ಉತ್ಥಾನ ಎಂದರೆ ಏಳುವುದು. ತುಳಸಿ ಹಬ್ಬದ ದಿನವನ್ನು ಉತ್ಥಾನ ದ್ವಾದಶಿ ಎನ್ನುವುದು ವಿಷ್ಣು ಯೋಗನಿದ್ರೆಯಿಂದ ಏಳುವ ದಿನವೆಂದು. ಪದ ಅದೇ, ಹೇಳುವ ವಿಷಯ ಬೇರೆ. ಪುನರ್ಜನ್ಮದಲ್ಲಿ ಜೀವ ಹಳೆಯ ದೇಹ ಬಿಟ್ಟು ಇನ್ನೊಂದು ತಾಯಿಯ ಹೊಟ್ಟೆಯಲ್ಲಿ ಹೊಸದಾಗಿ ಶುರುಮಾಡುತ್ತದೆ. ಯೇಸುಸ್ವಾಮಿಯ ವಿಷಯದಲ್ಲಿ ಹೂಳಿದ ದೇಹವೇ ಎದ್ದಿತು, ಗೋರಿ ಬರಿದಾಯಿತು, ಮೊಳೆಯ ಗಾಯ ಕೈಯಲ್ಲೇ ಉಳಿಯಿತು.

ಯೇಸು ಸಾವಿನಿಂದ ಎಬ್ಬಿಸಿದ ಲಾಜರನ ಕಥೆಯ ಜೊತೆಗೂ ಇದನ್ನು ಕಲಸುವವರಿದ್ದಾರೆ. ಸತ್ತು ನಾಲ್ಕು ದಿನವಾದ ಮೇಲೆ ಹೊರಬಂದ ಲಾಜರನ ಕೈಕಾಲಿಗೆ ಶವದ ಬಟ್ಟೆ ಸುತ್ತಿಕೊಂಡೇ ಇತ್ತು, ಬೇರೆಯವರು ಬಿಚ್ಚಬೇಕಾಯಿತು (ಯೋಹಾನ 11:44). ಅವನು ಮರಳಿದ್ದು ಹಳೆಯ ಬದುಕಿಗೆ. ಇನ್ನೊಮ್ಮೆ ಸಾಯುವುದು ಅವನಿಗೆ ತಪ್ಪಿದ್ದಲ್ಲ. ಯೇಸುವಿನ ಗೋರಿಯಲ್ಲಿ ಬಟ್ಟೆ ಮಾತ್ರ ಉಳಿದಿತ್ತು (ಯೋಹಾನ 20:6–7). ಅವರ ಮೇಲೆ ಸಾವಿಗೆ ಇನ್ನು ಅಧಿಕಾರವಿಲ್ಲ ಎನ್ನುತ್ತದೆ ರೋಮಾಪುರದವರಿಗೆ 6:9.

ಸತ್ತವ್ರು ಎದ್ದು ಬಂದ್ರು ಅಂದ್ರ ನಂಬೂದು ಹೆಂಗ್ರಿ? ಯಾರರೆ ನೋಡ್ಯಾರೇನು?

ಏಳುವ ಗಳಿಗೆಯನ್ನು ಯಾರೂ ನೋಡಲಿಲ್ಲ. ಯೇಸುವಿನ ಬದುಕನ್ನು ಹೇಳುವ ನಾಲ್ಕು ಸುವಾರ್ತೆಗಳಲ್ಲಿ ಒಂದೂ ಅದನ್ನು ವರ್ಣಿಸುವುದಿಲ್ಲ. ಕಟ್ಟುಕತೆಯಾಗಿದ್ದರೆ ಅಲ್ಲೇ ಅಲ್ಲವೇ ಬಣ್ಣ ಹಚ್ಚುವುದು? ನೋಡಿದ್ದು ಎದ್ದ ಮೇಲಿನ ಯೇಸುವನ್ನು. ಈ ಬಗ್ಗೆ ನಮಗಿರುವ ಅತಿ ಹಳೆಯ ಬರಹ ಸುವಾರ್ತೆಗಳಿಗಿಂತ ಮುಂಚಿನದು: ಕ್ರಿ.ಶ. 55ರ ಸುಮಾರಿಗೆ ಮೊದಲ ತಲೆಮಾರಿನ ಬೋಧಕ ಪೌಲನು ಎಫೆಸದಿಂದ ಕೊರಿಂಥದ ಸಭೆಗೆ ಬರೆದ ಪತ್ರ. ಅದರ 15ನೇ ಅಧ್ಯಾಯದಲ್ಲಿ ಒಂದು ಪಟ್ಟಿ ಇದೆ. ಕೇಫ ಎಂದರೆ ಪೇತ್ರ, ಹನ್ನೆರಡು ಮಂದಿ, ಒಟ್ಟಿಗೆ 500ಕ್ಕೂ ಹೆಚ್ಚು ಸಹೋದರರು, ಯಾಕೋಬ, ಅಪೊಸ್ತಲರೆಲ್ಲರು, ಕೊನೆಗೆ ಪೌಲ. ಆ 500ರಲ್ಲಿ ಹೆಚ್ಚಿನವರು ಇನ್ನೂ ಬದುಕಿದ್ದಾರೆ ಎಂದೂ ಸೇರಿಸುತ್ತಾನೆ, ಬೇಕಾದರೆ ಹೋಗಿ ಕೇಳಿ ಎನ್ನುವ ಧಾಟಿಯಲ್ಲಿ. ಈ ಪಟ್ಟಿ ತನ್ನದಲ್ಲ, ತಾನೂ ಇನ್ನೊಬ್ಬರಿಂದ ಪಡೆದದ್ದು ಎಂದು ಅವನೇ ಹೇಳುವುದರಿಂದ ಅದು ಪತ್ರಕ್ಕಿಂತ ಹಳೆಯದು.

ರೋಮನ್ ಅಧಿಪತಿ ಪೊಂತ್ಯ ಪಿಲಾತನ ಕಾಲದಲ್ಲಿ ಕ್ರಿಸ್ತನಿಗೆ ಮರಣದಂಡನೆಯಾಯಿತೆಂದು ಕ್ರೈಸ್ತನಲ್ಲದ ರೋಮನ್ ಇತಿಹಾಸಕಾರ ಟ್ಯಾಸಿಟಸ್ ಕೂಡ ಬರೆದಿದ್ದಾನೆ. ಇತಿಹಾಸ ನಮ್ಮನ್ನು ಅಲ್ಲಿಯವರೆಗೆ, ಮತ್ತು ಶಿಷ್ಯರ ಸಾಕ್ಷಿಯವರೆಗೆ ಕರೆದೊಯ್ಯುತ್ತದೆ. ದೇವರು ಅವರನ್ನು ಎಬ್ಬಿಸಿದರು ಎನ್ನುವುದು ಆ ಸಾಕ್ಷಿಯನ್ನು ನಂಬಿ ಇಡುವ ಹೆಜ್ಜೆ. ಲೆಕ್ಕದಂತೆ ಬಿಡಿಸಿ ತೋರಿಸುತ್ತೇವೆ ಎನ್ನುವವರು ಹೆಚ್ಚು ಹೇಳುತ್ತಾರೆ.

ಶುಕ್ರವಾರ ಮಧ್ಯಾಹ್ನ ತೀರಿಕೊಂಡು ಭಾನುವಾರ ಬೆಳಗಾಗುವ ಮೊದಲೇ ಎದ್ದರೆ ಮೂರು ದಿನ ಹೇಗಾಯಿತು? 40 ಗಂಟೆಯೂ ಇಲ್ಲ!

'ಮೂರು ದಿನ ಕಳೆದು' ಎಂದು ಓದಿದರೆ ಲೆಕ್ಕ ಕೂಡುವುದಿಲ್ಲ, 'ಮೂರನೇ ದಿನ' ಎಂದು ಓದಿ. ಸೋಮವಾರ ತೀರಿಕೊಂಡವರ ಮೂರನೇ ದಿನದ ಕಾರ್ಯ ನಮ್ಮ ಊರುಗಳಲ್ಲಿ ಬುಧವಾರ. ಸತ್ತ ದಿನವೂ ಎಣಿಕೆಗೆ ಸೇರುತ್ತದೆ. ಯೆಹೂದ್ಯರ ಲೆಕ್ಕವೂ ಅದೇ, ದಿನ ಶುರುವಾಗುವುದು ಮಾತ್ರ ಸೂರ್ಯಾಸ್ತಕ್ಕೆ. ಶುಕ್ರವಾರ ಸಂಜೆಯೊಳಗೆ ಒಂದು, ಶನಿವಾರ ಸಂಜೆಗೆ ಎರಡು, ಅಲ್ಲಿಂದ ಮುಂದೆ ಮೂರನೆಯದು. ಮತ್ತಾಯ 12:40ರ 'ಮೂರು ಹಗಲು ಮೂರು ರಾತ್ರಿ' ಇದೇ ರೂಢಿಯ ಮಾತು: ಹಳೆಯ ಒಡಂಬಡಿಕೆಯ ರಾಣಿ ಎಸ್ತೇರಳು ಮೂರು ದಿನ ಹಗಲೂ ರಾತ್ರಿ ಉಪವಾಸ ಎಂದು ಹೇಳಿ, ಮೂರನೇ ದಿನವೇ ಅರಸನ ಮುಂದೆ ನಿಲ್ಲುತ್ತಾಳೆ (ಎಸ್ತೇರಳು 4:16, 5:1).

ಯೇಸು ಶಿಲುಬೆಯಲ್ಲಿ ಸಾಯಲೇ ಇಲ್ಲ, ಕಾಶ್ಮೀರಕ್ಕೆ ಬಂದು ಅಲ್ಲಿ ತೀರಿಕೊಂಡರು ಅಂತ ವಾಟ್ಸಾಪ್‌ನಲ್ಲಿ ಬಂದಿದೆ. ನಿಜವಾ?

ಶ್ರೀನಗರದ ಖಾನ್ಯಾರಿನಲ್ಲಿರುವ ರೋಜಾಬಲ್ ಎಂಬ ದರ್ಗಾದ ಮಾತು ಅದು. ಅಲ್ಲಿ ಯೂಜ್ ಆಸಫ್ ಎಂಬ ಪುಣ್ಯಪುರುಷನ ಗೋರಿ ಇದೆ. ಅದು ಯೇಸುವಿನದು ಎಂಬ ವಾದವನ್ನು ಹರಡಿದ್ದು ಅಹ್ಮದೀಯ ಪಂಥದ ಸ್ಥಾಪಕ, ಕಾದಿಯಾನಿನ ಮಿರ್ಜಾ ಗುಲಾಮ್ ಅಹ್ಮದ್, 19ನೇ ಶತಮಾನದ ಕೊನೆಯಲ್ಲಿ. ಯೆರೂಸಲೇಮಿನಲ್ಲಿ ನಡೆದ ಘಟನೆಗೆ ಹದಿನೆಂಟು ಶತಮಾನ ತಡವಾಗಿ ಬಂದ ಸಾಕ್ಷಿ. ಮೇಲಾಗಿ, ಅರೆಜೀವದಲ್ಲಿ ತೆವಳಿ ಬಂದವರನ್ನು ಕಂಡರೆ ಶಿಷ್ಯರು ಔಷಧಿಗೆ ಓಡುತ್ತಿದ್ದರು. 'ಸಾವನ್ನು ಗೆದ್ದ ಕರ್ತ' ಎಂದು ಸಾರುತ್ತಿರಲಿಲ್ಲ.

ಸ್ವರ್ಗಾರೋಹಣ ಅಂದ್ರೆ ರಾಕೆಟ್ ತರ ಮೇಲೆ ಹೋಗಿದ್ದಾ? ಮಗಳು ಕೇಳಿದಳು, ಉತ್ತರ ಹೊಳೆಯಲಿಲ್ಲ.

'ಮೇಲಿಂದ ಆರ್ಡರ್ ಬಂದಿದೆ' ಎಂದು ಆಫೀಸಿನಲ್ಲಿ ಹೇಳಿದಾಗ ಮಗಳು ಮೇಲಿನ ಮಹಡಿಯನ್ನು ನೋಡುವುದಿಲ್ಲವಲ್ಲ? ಅಲ್ಲಿಂದ ಶುರುಮಾಡಿ. ಎದ್ದ 40ನೇ ದಿನ ಎಣ್ಣೆಮರಗಳ ಗುಡ್ಡದಲ್ಲಿ ಶಿಷ್ಯರು ನೋಡುತ್ತಿದ್ದಂತೆ ಯೇಸು ಮೇಲಕ್ಕೆ ಎತ್ತಲ್ಪಟ್ಟರು, ಒಂದು ಮೋಡ ಅವರನ್ನು ಮರೆಮಾಡಿತು (ಅಪೊಸ್ತಲರ ಕೃತ್ಯಗಳು 1:9, ಕ್ಯಾಥೋಲಿಕ್ ಬೈಬಲ್‌ನಲ್ಲಿ ಈ ಪುಸ್ತಕ 'ಪ್ರೇಷಿತರ ಕಾರ್ಯಕಲಾಪಗಳು'). ಬೈಬಲ್‌ನಲ್ಲಿ ಮೋಡ ಬಂತೆಂದರೆ ದೇವರ ಸಾನ್ನಿಧ್ಯ ಇಳಿದಿದೆ ಎಂದು ಅರ್ಥ. ಸೀನಾಯಿ ಬೆಟ್ಟದ ಮೇಲೂ ಅದೇ. ಎಷ್ಟು ಕಿಲೋಮೀಟರ್ ಮೇಲೆ ಎಂಬುದು ಇಲ್ಲಿಯ ವಿಷಯವೇ ಅಲ್ಲ. ಅವರು ದೇವರ ಬಲಗಡೆ ಸೇರಿದರು.

ಬಲಗಡೆ ಎಂದರೆ ಆಳ್ವಿಕೆಯಲ್ಲಿ ಪಾಲು. ನಮ್ಮಲ್ಲೂ 'ಬಲಗೈ ಬಂಟ' ಎನ್ನುವುದಿಲ್ಲವೇ? ಮೂಲ ಇರುವುದು ಕೀರ್ತನೆ 110ರ ಮೊದಲ ವಚನದಲ್ಲಿ. ಹಳೆಯ ಒಡಂಬಡಿಕೆಯ ಬೇರಾವ ವಚನವನ್ನೂ ಹೊಸ ಒಡಂಬಡಿಕೆ ಇಷ್ಟು ಸಲ ಎತ್ತಿ ಹೇಳುವುದಿಲ್ಲ.

## ಹಬ್ಬ, ನಂಬಿಕೆ, ಸ್ಮಶಾನ

ಈಸ್ಟರ್ ಪ್ರತಿ ವರ್ಷ ಬೇರೆ ಬೇರೆ ದಿನ ಯಾಕೆ? ರಜೆ ಹಾಕೋದು ಹೇಗೆ?

ಮಾರ್ಚ್ 21 ಅಥವಾ ಅದರ ನಂತರದ ಹುಣ್ಣಿಮೆ ಕಳೆದು ಬರುವ ಮೊದಲ ಭಾನುವಾರ ಈಸ್ಟರ್. ಹೆಚ್ಚಿನ ವರ್ಷ ಹನುಮ ಜಯಂತಿಯ ಹಿಂದೆಯೇ ಬರುತ್ತದೆ. 2024ರಲ್ಲಿ ಮಾತ್ರ ಹೋಳಿಯ ವಾರದಲ್ಲೇ ಬಂತು, ಮಾರ್ಚ್ 31ಕ್ಕೆ. 2026ರಲ್ಲಿ ಏಪ್ರಿಲ್ 5. ಅಲ್ಲಿಂದ 40ನೇ ದಿನ, ಮೇ 14ರ ಗುರುವಾರ, ಸ್ವರ್ಗಾರೋಹಣ. ಕ್ಯಾಥೋಲಿಕರು ನಮ್ಮ ಕಡೆ ಅದನ್ನು ಮುಂದಿನ ಭಾನುವಾರ ಆಚರಿಸುತ್ತಾರೆ. 50ನೇ ದಿನ, ಮೇ 24, ಪವಿತ್ರಾತ್ಮರು ಶಿಷ್ಯರ ಮೇಲೆ ಇಳಿದ ಹಬ್ಬವಾದ ಪಂಚಾಶತ್ತಮ. ಈಸ್ಟರ್ ಭಾನುವಾರವೇ ಆದ್ದರಿಂದ ಬೇರೆ ರಜೆ ಸಿಗುವುದಿಲ್ಲ. ಶಿಫ್ಟ್ ಕೆಲಸದವರು ರೋಸ್ಟರ್ ಬರೆಯುವ ಮೊದಲೇ ಹೇಳಿಡಿ, ಗುರುವಾರದ ಸಂಜೆಗೂ ಸೇರಿಸಿ. ಈಸ್ಟರ್‌ಗೆ ನಿಲ್ಲಲು ಜಾಗವಿರದ ಗುಡಿಗಳಲ್ಲಿ ಆ ಗುರುವಾರ ಬೆಂಚುಗಳು ಬಣಗುಡುತ್ತವೆ. ಹಬ್ಬದ ಅರ್ಧವನ್ನೇ ನಾವು ಮರೆತಿದ್ದೇವೆ ಎನ್ನುವುದು ನಮ್ಮ ದೂರು.

ಪಾಪಕ್ಕಾಗಿ ಶಿಲುಬೆಯಲ್ಲಿ ಸತ್ತದ್ದೇ ಸಾಕಲ್ಲ? ಎದ್ದು ಬರುವ ಅಗತ್ಯ ಏನಿತ್ತು?

ತೀರ್ಪಿನ ಮಾತಿನಲ್ಲಿ ಯೋಚಿಸಿ. ಯೆಹೂದ್ಯರ ಹಿರೀಸಭೆ ಯೇಸುವನ್ನು ದೇವದೂಷಕನೆಂದಿತು, ಪಿಲಾತ ರಾಜದ್ರೋಹಿಯೆಂದು ಶಿಲುಬೆಗೆ ಹಾಕಿಸಿದ. ಕಥೆ ಶುಕ್ರವಾರಕ್ಕೇ ನಿಂತಿದ್ದರೆ ಆ ಎರಡು ತೀರ್ಪುಗಳೇ ಅಂತಿಮ. ದೇವರು ಅವರನ್ನು ಎಬ್ಬಿಸಿದಾಗ ಮೇಲಿನ ಕೋರ್ಟು ಕೆಳಗಿನದ್ದನ್ನು ರದ್ದುಮಾಡಿತು. ಪೇತ್ರನ ಮೊದಲ ಭಾಷಣದ ತಿರುಳೇ ಅದು: ನೀವು ಕೊಂದಿರಿ, ದೇವರು ಆತನನ್ನೇ ಕರ್ತನನ್ನಾಗಿಯೂ ಕ್ರಿಸ್ತನನ್ನಾಗಿಯೂ ಮಾಡಿದರು (ಅಪೊಸ್ತಲರ ಕೃತ್ಯಗಳು 2:36).

ಆ ತೀರ್ಪಿನಲ್ಲಿ ನಂಬುವವರೂ ಸೇರುತ್ತಾರೆ. ನಮ್ಮ ಅಪರಾಧಗಳಿಗಾಗಿ ಒಪ್ಪಿಸಲ್ಪಟ್ಟರು, ನಾವು ನೀತಿವಂತರೆಂದು ಎಣಿಸಲ್ಪಡಲು ಎಬ್ಬಿಸಲ್ಪಟ್ಟರು ಎಂದು ಪೌಲ ಎರಡನ್ನೂ ಒಂದೇ ವಾಕ್ಯದಲ್ಲಿ ಹೆಣೆಯುತ್ತಾನೆ (ರೋಮಾಪುರದವರಿಗೆ 4:25). ಕ್ರಿಸ್ತ ಏಳದಿದ್ದರೆ ನೀವು ಇನ್ನೂ ನಿಮ್ಮ ಪಾಪಗಳಲ್ಲೇ ಇದ್ದೀರಿ ಎಂದು ಕೊರಿಂಥದವರಿಗೆ ನೇರವಾಗಿಯೇ ಹೇಳುತ್ತಾನೆ. ಪಾಪನಿವೇದನೆ ಮಾಡಿ ಬಂದ ಮೇಲೂ 'ನನ್ನದು ಕ್ಷಮಿಸಿರಲಿಕ್ಕಿಲ್ಲ' ಎಂದು ಕೊರಗುವವರು ಬಹಳ. ಅವರು ಹೆಚ್ಚಾಗಿ ಶುಕ್ರವಾರದಲ್ಲೇ ನಿಂತುಬಿಟ್ಟವರು.

ಪಾಸ್ಖ ಜಾಗರಣೆಗೆ ಮೊದಲ ಸಲ ಬರ್ತಿದ್ದೇನೆ. ಏನೇನು ನಡೆಯುತ್ತೆ, ಎಷ್ಟು ಹೊತ್ತು?

ಕ್ಯಾಥೋಲಿಕರ ಈ ಜಾಗರಣೆ ಈಸ್ಟರ್ ಹಿಂದಿನ ಶನಿವಾರ ಕತ್ತಲಾದ ಮೇಲೆಯೇ ಶುರು. ಎರಡರಿಂದ ಮೂರು ಗಂಟೆ ಹಿಡಿಯುತ್ತದೆ. ಮುಂಬೈಯವರು ಕೊನೆಯ ಲೋಕಲ್ ನೋಡಿಕೊಂಡು ಬನ್ನಿ. ದೀಪಗಳೆಲ್ಲ ಆರಿರುತ್ತವೆ. ಗುಡಿಯ ಹೊರಗೆ ಹೊಸ ಬೆಂಕಿ ಹೊತ್ತಿಸಿ, ದೊಡ್ಡ ಪಾಸ್ಖ ಮೇಣದಬತ್ತಿಯ ಮೇಲೆ ಶಿಲುಬೆ, ಗ್ರೀಕಿನ ಮೊದಲ ಮತ್ತು ಕೊನೆಯ ಅಕ್ಷರ, ಆ ವರ್ಷದ ನಾಲ್ಕು ಅಂಕಿ ಗುರುತಿಸುತ್ತಾರೆ. ಐದು ಧೂಪದ ಹರಳು ಚುಚ್ಚುವುದೂ ಉಂಟು, ಐದು ಗಾಯಗಳಿಗೆ. ಆ ಬತ್ತಿಯಿಂದ ಎಲ್ಲರ ಬತ್ತಿಗೂ ಬೆಂಕಿ ಹಬ್ಬುತ್ತದೆ. ಉರಿಯುವ ಬತ್ತಿ ನೆಟ್ಟಗಿರಲಿ, ಆರಿರುವುದನ್ನು ಓರೆಮಾಡಿ ಹೊತ್ತಿಸಿಕೊಳ್ಳಿ. ಉರಿಯುವುದನ್ನು ಬಗ್ಗಿಸಿದರೆ ಮೇಣ ಪಕ್ಕದವರ ಸೀರೆಯ ಮೇಲೆ. ರಟ್ಟಿನ ಬಿಲ್ಲೆಯೊಂದನ್ನು ಬತ್ತಿಗೆ ಸಿಕ್ಕಿಸಿ ತನ್ನಿ.

ಹಳೆಯ ಒಡಂಬಡಿಕೆಯಿಂದ ಏಳು ವಾಚನಗಳವರೆಗೆ ಇರುತ್ತವೆ. ಕಡಿಮೆ ಮಾಡಿದರೂ ಕೆಂಪು ಸಮುದ್ರ ದಾಟಿದ್ದನ್ನು ಬಿಡುವಂತಿಲ್ಲ. ಆಮೇಲೆ ಗಂಟೆ, ಈಸ್ಟರ್ ಮುಂಚಿನ ತಪಸ್ಸು ಕಾಲವಿಡೀ ಬಾಯಿಗೆ ಬಾರದ ಅಲ್ಲೆಲೂಯ, ನೀರಿನ ಆಶೀರ್ವಾದ, ಸ್ನಾನದೀಕ್ಷೆಯ ಪ್ರತಿಜ್ಞೆಯ ನವೀಕರಣ. ಆ ಬತ್ತಿ ಪಂಚಾಶತ್ತಮದವರೆಗೆ ಪೀಠದ ಬಳಿ ನಿಂತು, ವರ್ಷವಿಡೀ ಸ್ನಾನದೀಕ್ಷೆಗೂ ಮರಣದ ಪೂಜೆಗೂ ಉರಿಯುತ್ತದೆ.

ಪ್ರೊಟೆಸ್ಟೆಂಟ್ ಸಭೆಗಳಲ್ಲಿ ಹೆಚ್ಚಾಗಿ ಭಾನುವಾರ ಸೂರ್ಯೋದಯದ ಆರಾಧನೆ, ಕೆಲವೆಡೆ ಸ್ಮಶಾನದಲ್ಲೇ. ಆ ರೂಢಿ ಜರ್ಮನಿಯ ಹೆರ್ನ್‌ಹುಟ್‌ನಲ್ಲಿ 1732ರಲ್ಲಿ ಮೊರೇವಿಯನ್ನರಿಂದ ಶುರುವಾದದ್ದು.

ಮೊಟ್ಟೆ, ಮೊಲ ಇವೆಲ್ಲ ಬೈಬಲ್‌ನಲ್ಲಿ ಇದೆಯಾ?

ಇಲ್ಲ. ಹಿಂದೆ ತಪಸ್ಸು ಕಾಲದಲ್ಲಿ ಮೊಟ್ಟೆ ತಿನ್ನುತ್ತಿರಲಿಲ್ಲ, ಹಬ್ಬಕ್ಕೆ ರಾಶಿ ಉಳಿದಿರುತ್ತಿತ್ತು. ಬಾಂದ್ರಾದ ಬೇಕರಿಯ ಬಣ್ಣದ ಮೊಟ್ಟೆ ತಂದರೆ ತಪ್ಪಿಲ್ಲ, ತರದಿದ್ದರೆ ಹಬ್ಬ ಕುಂದುವುದೂ ಇಲ್ಲ.

ಮುಂಬೈಯಲ್ಲಿ ಹೂಳಲು ಜಾಗ ಇಲ್ಲ. ದಹನ ಮಾಡಿಸಿದರೆ ಅಪ್ಪ ಕೊನೆಯ ದಿನ ಎದ್ದು ಬರುವುದು ಹೇಗೆ?

ಬರುತ್ತಾರೆ. ಸಮುದ್ರದಲ್ಲಿ ಮುಳುಗಿದವರು, ಬೆಂಕಿಯಲ್ಲಿ ಹುತಾತ್ಮರಾದವರು ಎಲ್ಲರಿಗೂ ಅದೇ ನಿರೀಕ್ಷೆ. ಹೂಳಿದ ದೇಹವೂ ಕಾಲಕ್ರಮದಲ್ಲಿ ಮಣ್ಣೇ ಆಗುವುದು. ಇಲ್ಲಿಯ ಪ್ಯಾರಿಷ್ ಸ್ಮಶಾನಗಳಲ್ಲಿ ಗೋರಿ ತೆರೆದು ಎಲುಬುಗಳನ್ನು ಗೋಡೆಯ ಗೂಡಿಗೆ ಸಾಗಿಸುವಾಗಲೂ ಇದೇ ಭಯ ಕೆಲವರಿಗೆ. ದೇವರಿಗೆ ಕಚ್ಚಾ ಸಾಮಾನಿನ ಕೊರತೆಯಿಲ್ಲ.

ಕ್ಯಾಥೋಲಿಕ್ ಧರ್ಮಸಭೆ ದಹನಕ್ಕೆ 1963ರಲ್ಲೇ ಅನುಮತಿ ಕೊಟ್ಟಿತು. ಹೂಳುವುದೇ ಮೇಲು ಎನ್ನುವುದು ಈಗಲೂ ಅದರ ಅಭಿಪ್ರಾಯ. 2016ರ ಸೂಚನೆಯ ಪ್ರಕಾರ ಬೂದಿಯನ್ನು ಸ್ಮಶಾನದಂಥ ಪವಿತ್ರ ಜಾಗದಲ್ಲಿಡಬೇಕು. ನೀರಿಗೆ ಬಿಡುವುದು, ಗಾಳಿಗೆ ತೂರುವುದು, ಮನೆಮಂದಿ ಹಂಚಿಕೊಳ್ಳುವುದು ಕೂಡದು. 2023ರಲ್ಲಿ ತುಸು ಸಡಿಲಿಕೆ ಬಂದಿದೆ, ಅದಕ್ಕೆ ಗುರುಗಳನ್ನೇ ಕೇಳಿ. ಪ್ರೊಟೆಸ್ಟೆಂಟ್ ಸಭೆಗಳಲ್ಲಿ ಒಂದೇ ನಿಯಮವಿಲ್ಲ, ನಿಮ್ಮ ಪಾಸ್ಟರರ ಮಾತು ಮುಖ್ಯ.

ಎಡವಟ್ಟಾಗುವುದು ಸಾವಿನ ದಿನದ ಗಡಿಬಿಡಿಯಲ್ಲಿ. ಹಿರಿಯರು ಬದುಕಿರುವಾಗಲೇ ಅವರ ಇಚ್ಛೆ ಬರೆದಿಡಿ. ಗೂಡು ಸಿಗುತ್ತದೆಯೇ ಎಂದು ಪ್ಯಾರಿಷ್ ಆಫೀಸಿನಲ್ಲಿ ಮುಂಚೆಯೇ ಕೇಳಿ. ಪೂಜೆ ದೇಹ ಇರುವಾಗಲೇ ಆಗಲಿ, ದಹನ ಆಮೇಲೆ. ಬೂದಿ ಯಾರ ಕೈಗೆ ಎಂಬುದನ್ನು ತೀರ್ಮಾನಿಸಿಕೊಳ್ಳಿ. ಹಾಗೆ ಮಾಡದ ಮನೆಗಳಲ್ಲಿ ಯಾರೋ ನೆಂಟರು ಒಳ್ಳೆಯ ಮನಸ್ಸಿನಿಂದಲೇ ನಾಸಿಕದ ಗೋದಾವರಿಗೆ ಒಯ್ದು ಬಿಟ್ಟು, ಜಗಳ ವರ್ಷಗಟ್ಟಲೆ ಎಳೆದಿದೆ.

ಮಣ್ಣಿಗೆ ಬಂದವರೆಲ್ಲ 'ಅಳಬೇಡಿ, ಕರ್ತನಲ್ಲಿ ನಿದ್ರೆಹೋಗಿದ್ದಾರೆ' ಅಂದರು. ಅತ್ತರೆ ನಂಬಿಕೆ ಇಲ್ಲ ಅಂತಾನಾ?

ಲಾಜರನನ್ನು ಎಬ್ಬಿಸಲಿಕ್ಕೇ ಹೋದ ಯೇಸು ಮೊದಲು ಅತ್ತರು (ಯೋಹಾನ 11:35). ಪೌಲ ಬರೆದದ್ದು 'ನಿರೀಕ್ಷೆಯಿಲ್ಲದವರ ಹಾಗೆ ದುಃಖಪಡಬೇಡಿ' ಎಂದು (1 ಥೆಸಲೋನಿಕ 4:13). ದುಃಖವೇ ಕೂಡದು ಎಂದಲ್ಲ. ಸಾಂತ್ವನಕ್ಕೆ ಹೋಗುವವರಿಗೆ: ಮೊದಲ ವಾರ ವಚನ ಕಡಿಮೆ, ಊಟದ ಡಬ್ಬಿ ಹೆಚ್ಚು.

ಓಲ್ಡ್ ಗೋವಾದ ಸಂತ ಫ್ರಾನ್ಸಿಸ್ ಕ್ಸೇವಿಯರ್ ದೇಹ ಕೆಡಲಿಲ್ಲವಲ್ಲ, ಅದೂ ಒಂಥರಾ ಪುನರುತ್ಥಾನವೇ?

ಅಲ್ಲ. ಸಂತರು ತೀರಿಕೊಂಡದ್ದು 1552ರ ಡಿಸೆಂಬರ್ 3ರಂದು, ಚೀನಾದ ಕರಾವಳಿಯ ಶಾಂಗ್‌ಚುವಾನ್ ದ್ವೀಪದಲ್ಲಿ. ದೇಹ ಮಲಾಕ್ಕಾ ದಾರಿಯಾಗಿ 1554ರಲ್ಲಿ ಗೋವಾಕ್ಕೆ ಬಂತು. ಬಲಗೈಯ ಮುಂಭಾಗ 1614ರಲ್ಲಿ ರೋಮ್‌ಗೆ ಹೋಯಿತು. ಬೊಮ್ ಜೀಸಸ್ ಬೆಸಿಲಿಕಾದಲ್ಲಿರುವುದು ಈಗ ಒಣಗಿದ ಪಾರ್ಥಿವ ಶರೀರ, ಗೌರವಕ್ಕೆ ತಕ್ಕ ಅವಶೇಷ. 2024ರ ನವೆಂಬರ್ 21ರಿಂದ 2025ರ ಜನವರಿ 5ರವರೆಗೆ ನಡೆದ ದರ್ಶನದಲ್ಲಿ ಸಾಲು ನಿಂತವರು ನೋಡಿದ್ದು ಪುನರುತ್ಥಾನಕ್ಕಾಗಿ ಕಾಯುತ್ತಿರುವ ದೇಹವನ್ನು. ಯೇಸುವಿನ ಕಡೆಯಲ್ಲಾದರೆ ನೋಡಲು ದೇಹವೇ ಉಳಿದಿರಲಿಲ್ಲ.

## ಇನ್ನಷ್ಟು ಒಳಕ್ಕೆ

ಯೇಸು ತಾವೇ ಎದ್ದರೋ, ತಂದೆ ಎಬ್ಬಿಸಿದರೋ? ಹಾಡಿನಲ್ಲಿ ಒಂದು, ಪತ್ರದಲ್ಲಿ ಇನ್ನೊಂದು.

ಹೊಸ ಒಡಂಬಡಿಕೆ ಹೆಚ್ಚಿನ ಕಡೆ 'ದೇವರು ಎಬ್ಬಿಸಿದರು' ಎನ್ನುತ್ತದೆ. ಯೋಹಾನ 10:18ರಲ್ಲಾದರೆ ಪ್ರಾಣ ಕೊಡುವುದಕ್ಕೂ ತಿರುಗಿ ಪಡೆಯುವುದಕ್ಕೂ ನನಗೆ ಅಧಿಕಾರವುಂಟು ಎಂದು ಯೇಸುವೇ ಹೇಳುತ್ತಾರೆ. ರೋಮಾಪುರದವರಿಗೆ 8:11 ಇದರಲ್ಲಿ ಪವಿತ್ರಾತ್ಮರನ್ನೂ ತರುತ್ತದೆ. ಮೂವರೂ ಸೇರಿ ಮಾಡಿದ ಕೆಲಸ. ಕನ್ನಡದ 'ಎದ್ದರು' ಹೇಳಲು ಚೆಂದ, ಆದರೆ 'ಎಬ್ಬಿಸಿದರು' ಎಂಬುದನ್ನು ನುಂಗಿಬಿಡುತ್ತದೆ. ಯೇಸು ನಿಜವಾಗಿ ಸತ್ತಿದ್ದರು, ತಂದೆಯ ಕೈಗೆ ತಮ್ಮನ್ನು ಒಪ್ಪಿಸಿದ್ದರು ಎಂಬುದು ಎಬ್ಬಿಸುವ ಮಾತಿನಲ್ಲೇ ಇದೆ.

ಮೊದಲೇ ದೇವರಾಗಿದ್ದವರನ್ನು 'ಅತ್ಯುನ್ನತ ಸ್ಥಾನಕ್ಕೆ ಏರಿಸಿದರು' ಅಂದರೆ ಏನು? ಪ್ರಮೋಷನ್ನಾ?

ಫಿಲಿಪ್ಪಿ 2:6–11 ಓದುವಾಗ 9ನೇ ವಚನದ 'ಆದ್ದರಿಂದ' ಎಂಬಲ್ಲಿ ಬೆರಳಿಡಿ. ದಾಸನಾದರು, ಶಿಲುಬೆಯ ಮರಣದವರೆಗೂ ವಿಧೇಯರಾದರು, ಆದ್ದರಿಂದ ದೇವರು ಏರಿಸಿದರು. ದೇವಕುಮಾರನಾಗಿ ಅವರಿಗೆ ಕೊರತೆಯೇನೂ ಇರಲಿಲ್ಲ. ಹೊಸದೇನೆಂದರೆ, ಅವರು ಈಗ ಮನುಷ್ಯನಾಗಿ ಅಲ್ಲಿದ್ದಾರೆ. ನಜರೇತಿನ ಬಡಗಿಯ ಕೈ, ಮೊಳೆಯ ತೂತು ಸಹಿತ, ದೇವರ ಬಲಗಡೆ ಇದೆ. ಇಳಿದು ಬಂದಾಗ ತೊಟ್ಟ ಮನುಷ್ಯತ್ವವನ್ನು ಕೆಲಸ ಮುಗಿದ ಮೇಲೆ ಕಳಚಿಟ್ಟರು ಎಂದು ಭಾವಿಸುವವರು ಎಡವುವುದು ಇಲ್ಲೇ.

ಆಗ ಸಿಕ್ಕಿದ 'ಎಲ್ಲ ಹೆಸರಿಗಿಂತ ಶ್ರೇಷ್ಠವಾದ ಹೆಸರು' ಕರ್ತ. ಗ್ರೀಕಿನಲ್ಲಿ ಕೂರಿಯೊಸ್, ಕ್ಯಾಥೋಲಿಕರ ಬಾಯಲ್ಲಿ ಪ್ರಭು. ಹಳೆಯ ಒಡಂಬಡಿಕೆಯ ಗ್ರೀಕ್ ಅನುವಾದದಲ್ಲಿ ಯೆಹೋವ ಎಂಬ ಹೆಸರಿದ್ದ ಕಡೆ ಓದುತ್ತಿದ್ದುದು ಇದೇ ಪದ. ಎಲ್ಲರ ಮೊಣಕಾಲು ನನಗೆ ಬಾಗುವುದು ಎಂದು ಯೆಶಾಯ 45:23ರಲ್ಲಿ ದೇವರು ತಮ್ಮ ಬಗ್ಗೆ ಹೇಳಿದ್ದನ್ನು ಪೌಲ ಯೇಸುವಿಗೆ ಒಪ್ಪಿಸುತ್ತಾನೆ.

ನನ್ನ ಅಕ್ಕ ಹುಟ್ಟಿನಿಂದ ನಡೆದವಳಲ್ಲ. ಎದ್ದಾಗ ಅವಳ ದೇಹ ಹೇಗಿರುತ್ತದೆ?

ಪೌಲ ಬೀಜದ ಮಾತಾಡುತ್ತಾನೆ: ಬಿತ್ತಿದ್ದು ಬಲಹೀನ, ಏಳುವುದು ಬಲವುಳ್ಳದ್ದು (1 ಕೊರಿಂಥ 15:43). ಭತ್ತದ ಕಾಳಿಗೂ ಪೈರಿಗೂ ರೂಪ ಬೇರೆ, ಆದರೆ ರಾಗಿ ಬಿತ್ತಿ ಭತ್ತ ಬೆಳೆಯುವುದಿಲ್ಲ. ಅಕ್ಕ ಅಕ್ಕನಾಗಿಯೇ ಏಳುತ್ತಾಳೆ. ನಮಗಿರುವ ಮಾದರಿ ಯೇಸುವಿನ ದೇಹವೊಂದೇ. ಅವರು ಸುಟ್ಟ ಮೀನು ತಿಂದರು (ಲೂಕ 24:42–43), ಬಾಗಿಲು ಹಾಕಿದ್ದ ಕೋಣೆಯಲ್ಲಿ ನಿಂತರು, ಮುಟ್ಟಲು ಸಿಕ್ಕರು. ಗಾಯ ಉಳಿದಿತ್ತು, ನೋವು ಉಳಿದಿರಲಿಲ್ಲ. ಅಕ್ಕನ ಬದುಕಿನ ಗುರುತುಗಳಲ್ಲಿ ಯಾವುದು ಉಳಿಯುತ್ತದೆ, ಯಾವುದು ಹೋಗುತ್ತದೆ ಎಂದು ಅವಳ ಪರವಾಗಿ ನಾವು ತೀರ್ಮಾನಿಸುವುದು ಬೇಡ.

ಯೇಸುವನ್ನು 'ಪ್ರಥಮಫಲ' ಎನ್ನುವುದೂ ಇದಕ್ಕೇ. ಯಾಜಕಕಾಂಡ 23ರಂತೆ ಸುಗ್ಗಿಯ ಮೊದಲ ಸಿವುಡನ್ನು ಸಬ್ಬತ್ತಿನ ಮಾರನೇ ದಿನ ದೇವರ ಮುಂದೆ ನಿವಾಳಿಸುತ್ತಿದ್ದರು. ಗೋವಾದ ರಾಯ್ ಊರಿನಲ್ಲಿ ಆಗಸ್ಟ್ 5ರ ಕೊಣ್ಸಾಚೆಂ ಫೆಸ್ತ್, ಮಂಗಳೂರಿನವರ ಸೆಪ್ಟೆಂಬರ್ 8ರ ಮೊಂತಿ ಹಬ್ಬ ಕಂಡವರಿಗೆ ಬಿಡಿಸಿ ಹೇಳಬೇಕಿಲ್ಲ. ಆಶೀರ್ವದಿಸಿದ ಒಂದು ತೆನೆ ಮನೆಗೆ ಬಂತೆಂದರೆ ಗದ್ದೆ ತುಂಬ ಅದೇ ಬೆಳೆ ನಿಂತಿದೆ ಎಂದು ಲೆಕ್ಕ.

ನಾಲ್ಕು ಸುವಾರ್ತೆಗಳೂ ಬೇರೆ ಬೇರೆ ಹೇಳುತ್ತವೆ. ದೂತರು ಒಬ್ಬರೋ ಇಬ್ಬರೋ?

ಮತ್ತಾಯನಲ್ಲಿ ಒಬ್ಬ ದೂತ, ಮಾರ್ಕನಲ್ಲಿ ಒಬ್ಬ ಯೌವನಸ್ಥ, ಲೂಕ ಮತ್ತು ಯೋಹಾನರಲ್ಲಿ ಇಬ್ಬರು. ಎಳೆದಾಡಿ ಕೂಡಿಸುವ ಅಗತ್ಯವಿಲ್ಲ. ಭಾನುವಾರ ಮುಂಜಾನೆ, ಸರಿದ ಕಲ್ಲು, ಬರಿದಾದ ಗೋರಿ, ಮೊದಲು ಬಂದ ಮಗ್ದಲದ ಮರಿಯಳು, ಇವುಗಳಲ್ಲಿ ನಾಲ್ವರೂ ಒಂದೇ. ಹೆಂಗಸರ ಸಾಕ್ಷಿಗೆ ಬೆಲೆ ಕೊಡದ ಕಾಲದಲ್ಲಿ ಹೆಂಗಸರನ್ನೇ ಮೊದಲ ಸಾಕ್ಷಿಗಳಾಗಿ ಉಳಿಸಿಕೊಂಡದ್ದು ಸಣ್ಣ ಮಾತಲ್ಲ. ಮಾರ್ಕ 16:9–20 ಮಾತ್ರ ಅತಿ ಹಳೆಯ ಎರಡು ದೊಡ್ಡ ಹಸ್ತಪ್ರತಿಗಳಲ್ಲಿ ಇಲ್ಲ. ಅಲ್ಲಿರುವ ಹಾವು ಎತ್ತುವ, ವಿಷ ಕುಡಿಯುವ ಮಾತಿನ ಮೇಲೆ ಬೋಧನೆ ಕಟ್ಟುವವರು ಇದನ್ನು ನೆನಪಿಡಬೇಕು.

ಬಲಗಡೆ ಕುಳಿತು ಈಗ ಏನು ಮಾಡುತ್ತಿದ್ದಾರೆ?

ಮೊದಲು ಆ 'ಕುಳಿತು' ಎಂಬುದನ್ನು ನೋಡಿ. ದೇವಾಲಯದ ಯಾಜಕರು ದಿನದಿನವೂ ನಿಂತೇ ಅದೇ ಬಲಿಗಳನ್ನು ಮತ್ತೆ ಮತ್ತೆ ಅರ್ಪಿಸುತ್ತಿದ್ದರು. ಯೇಸು ಒಂದೇ ಬಲಿ ಕೊಟ್ಟು ಕುಳಿತರು (ಇಬ್ರಿಯರಿಗೆ 10:11–12). ಕುಳಿತದ್ದು ಆ ಕೆಲಸ ಮುಗಿದ ಗುರುತು. ಅಲ್ಲಿಂದಲೇ ಪವಿತ್ರಾತ್ಮರನ್ನು ಸುರಿಸಿದರು, ನಮಗಾಗಿ ಬಿನ್ನಹ ಮಾಡುತ್ತಾರೆ (ರೋಮಾಪುರದವರಿಗೆ 8:34). ಇದನ್ನು ವಶೀಲಿ ಎಂದು ತಿಳಿಯಬೇಡಿ. ತಂದೆ ಮುನಿದು ಕೂತಿಲ್ಲ. ಮಗನನ್ನು ಬಲಗಡೆ ಕೂರಿಸಿದವರೇ ಅವರು. ಪ್ರಾರ್ಥನೆಗೆ ಬಾಯಿ ಬರದ ದಿನ ಇಬ್ರಿಯರಿಗೆ 4:14–16 ನಿಧಾನವಾಗಿ ಓದಿ, ಬೇಕಾದ ಒಂದೇ ಒಂದು ಸಂಗತಿಯನ್ನು ಮನೆಮಾತಿನಲ್ಲಿ ಹೇಳಿ ನಿಲ್ಲಿಸಿ. ಸ್ವರ್ಗಾರೋಹಣದಿಂದ ಪಂಚಾಶತ್ತಮದ ನಡುವಿನ ದಿನಗಳು ಈ ಅಭ್ಯಾಸಕ್ಕೆ ಒಳ್ಳೆಯ ಕಾಲ. ಶಿಷ್ಯರೂ ಆಗ ಯೆರೂಸಲೇಮಿನ ಮೇಲಂತಸ್ತಿನಲ್ಲಿ ಪ್ರಾರ್ಥಿಸುತ್ತಲೇ ಇದ್ದರು.

ಮನಿ ಮುಂದ ಲಿಂಬಿಹಣ್ಣು ಕೊಯ್ದು ಒಗದಾರ್ರಿ. ಪ್ರಾರ್ಥನಾ ಮಾಡಿದ್ರೂ ಅಂಜಿಕಿ ಹೋಗವಲ್ದು. ಏನ್ ಮಾಡೂದ್ರಿ?

ಲಿಂಬೆಹಣ್ಣನ್ನು ಗುಡಿಸಿ ಕಸದ ಡಬ್ಬಿಗೆ ಹಾಕಿ. ಮಾಟ ತೆಗೆಯುತ್ತೇನೆಂದು ದುಡ್ಡು ಕೇಳುವವರಿಗೆ, ಅವರು ಬೈಬಲ್ ಹಿಡಿದು ಬಂದರೂ, ಕೊಡಬೇಡಿ. ಮಹಾರಾಷ್ಟ್ರದಲ್ಲಿ ಇಂಥ ಮೋಸದ ವಿರುದ್ಧ 2013ರಿಂದ ಕಾನೂನೇ ಇದೆ. ಮಗುವಿಗೆ ಜ್ವರವಿದ್ದರೆ ಡಾಕ್ಟರರ ಬಳಿ ಹೋಗಿ. ಪಕ್ಕದ ಮನೆಯವರ ಹೆಸರು ಹೇಳಿ ಅನುಮಾನ ಹಬ್ಬಿಸಬೇಡಿ, ಅಂಜಿಕೆಗಿಂತ ದೊಡ್ಡ ಕೇಡು ಅದರಿಂದಲೇ ಆಗುತ್ತದೆ.

ಆಮೇಲೆ ಎಫೆಸದವರಿಗೆ 1:20–22 ಮನೆಮಂದಿಯೆಲ್ಲ ಕೂತು ಜೋರಾಗಿ ಓದಿ. ದೇವರು ಕ್ರಿಸ್ತನನ್ನು ಎಬ್ಬಿಸಿ ಎಲ್ಲ ಅಧಿಕಾರ, ಎಲ್ಲ ಶಕ್ತಿ, ಹೆಸರಿಡಬಹುದಾದ ಎಲ್ಲದರ ಮೇಲೆ ಕೂರಿಸಿದರು ಎಂದಿದೆ ಅಲ್ಲಿ. ಎಫೆಸ ಮಾಟಮಂತ್ರಕ್ಕೆ ಹೆಸರಾದ ಊರು. ನಂಬಿದ ಮೇಲೆ ಅಲ್ಲಿಯವರು ತಮ್ಮ ಮಂತ್ರದ ಪುಸ್ತಕಗಳನ್ನು ತಂದು ಎಲ್ಲರೆದುರು ಸುಟ್ಟರು. ಬೆಲೆ ಕಟ್ಟಿದಾಗ 50,000 ಬೆಳ್ಳಿ ನಾಣ್ಯವಾಯಿತು (ಅಪೊಸ್ತಲರ ಕೃತ್ಯಗಳು 19:19). ಅವರಲ್ಲಿ ಯಾರೂ ಆ ಪುಸ್ತಕಗಳನ್ನು ಮಾರಲು ಹೋಗಲಿಲ್ಲ.